ನಂಬರು ನಮ್ಮದು, ಕಂಪನಿ ಯಾವುದಿರಲಿ?



ನಮ್ಮ ಮನೆಗೆ ಒಂದು ವಿಳಾಸ ಇದೆ. ಊರು, ಕೇರಿ, ಮನೆ ನಂಬರು. ಈಗ ನಮಗೆ ಇನ್ನೊಂದು ವಿಳಾಸವೂ ಬಂದಿದೆ. ಅದು ನಮ್ಮ ಫೋನ್ ನಂಬರು. ಹತ್ತು ಅಂಕಿಯ ವಿಳಾಸ.

ಬ್ಯಾಂಕಿನಲ್ಲಿ ಆ ನಂಬರು ಕೊಟ್ಟಿದ್ದೇವೆ. ಆಧಾರಿಗೂ ಅದನ್ನೇ ಕೊಟ್ಟಿದ್ದೇವೆ. ಗ್ಯಾಸ್ ಬುಕ್ ಮಾಡುವುದು ಅದರಿಂದಲೇ. ಗೃಹಲಕ್ಷ್ಮಿಯ 2000 ರೂಪಾಯಿ ಖಾತೆಗೆ ಬಿದ್ದರೆ ಬ್ಯಾಂಕಿನ ಸಂದೇಶ ಬರುವುದು ಆ ನಂಬರಿಗೇ. ಮಗಳ ಶಾಲೆಯ ಪುಸ್ತಕದಲ್ಲೂ ಅದೇ ಬರೆದಿದೆ. ತವರಿನವರಿಗೆ, ಬೀಗರಿಗೆ ಅದೇ ಬಾಯಿಪಾಠ.

ಆದರೆ ಫೋನು ಕೈಯಲ್ಲಿದ್ದರೂ ಒಮ್ಮೊಮ್ಮೆ ಸಿಗ್ನಲ್ ಇರುವುದಿಲ್ಲ. ಮಾತು ಅರ್ಧಕ್ಕೆ ನಿಲ್ಲುತ್ತದೆ. ಕರೆನ್ಸಿ ಹಾಕಿಸಿ ಹಾಕಿಸಿ ಸಾಕಾಗುತ್ತದೆ. ಆಗ ನಮಗೆ ಅನಿಸುತ್ತದೆ: ‘ಈ ಕಂಪನಿ ಬಿಟ್ಟು ಬೇರೆ ಕಂಪನಿಗೆ ಹೋಗಿಬಿಡೋಣ.’

ಹೋಗಬಹುದೇ? ಹೋದರೆ ನಂಬರು ಹೋಗುತ್ತದೆಯೇ? ಹೋಗುವುದು ಲಾಭವೋ, ನಷ್ಟವೋ? ಈ ಪಾಠದಲ್ಲಿ ಇದನ್ನು ಕಲಿಯೋಣ.

ನಂಬರು ಉಳಿಯುತ್ತದೆ

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು. ಆಗ ಮೊಬೈಲು ಸಾಹುಕಾರರ ವಸ್ತು. ಕರೆ ಮಾಡಿದರೂ ದುಡ್ಡು, ಕರೆ ಬಂದರೂ ದುಡ್ಡು. 2003ರಲ್ಲಿ ಒಳಬರುವ ಕರೆಗೆ ದುಡ್ಡು ಕೊಡುವುದು ನಿಂತಿತು. ಆಮೇಲೆ ಮೊಬೈಲು ಹಳ್ಳಿಗೂ ಬಂತು.

ಆಗೆಲ್ಲ ಕಂಪನಿ ಬಿಟ್ಟರೆ ನಂಬರನ್ನೂ ಬಿಡಬೇಕಾಗಿತ್ತು. ನಂಬರು ಬಿಡಲಾಗದೆ ಜನ ಹಳೆಯ ಕಂಪನಿಯಲ್ಲೇ ಉಳಿಯುತ್ತಿದ್ದರು. 2011ರ ಜನವರಿ 20ರಿಂದ ಇಡೀ ದೇಶದಲ್ಲಿ ಇದು ಬದಲಾಯಿತು. ಕಂಪನಿ ಬದಲಾದರೂ ನಂಬರು ಅದೇ ಇಟ್ಟುಕೊಳ್ಳುವ ಹಕ್ಕು ನಮಗೆ ಸಿಕ್ಕಿತು. 2015ರ ಜುಲೈಯಿಂದ ಬೇರೆ ರಾಜ್ಯಕ್ಕೆ ಹೋದರೂ ಅದೇ ನಂಬರು ಉಳಿಸಿಕೊಳ್ಳಬಹುದು.

ಇದನ್ನೇ ಅಂಗಡಿಯವರು ‘ಪೋರ್ಟ್ ಮಾಡಿಸೋದು’ ಎನ್ನುತ್ತಾರೆ. ಇದು ಕಂಪನಿ ನಮಗೆ ಮಾಡುವ ಉಪಕಾರ ಅಲ್ಲ. ನಮ್ಮ ಹಕ್ಕು. ಈ ನಿಯಮ ಮಾಡಿದ್ದು ‘ಟ್ರಾಯ್’ ಎಂಬ ಸಂಸ್ಥೆ. ಫೋನ್ ಕಂಪನಿಗಳ ಮೇಲೆ ಕಣ್ಣಿಡಲು 1997ರಲ್ಲಿ ಸರ್ಕಾರ ಇದನ್ನು ಸ್ಥಾಪಿಸಿತು.

ಮೊದಲು ರೋಗ ತಿಳಿಯಬೇಕು

ಹೊಟ್ಟೆನೋವಿಗೆ ತಲೆನೋವಿನ ಮಾತ್ರೆ ತಿಂದರೆ ಗುಣವಾದೀತೇ? ಹಾಗೆಯೇ ತೊಂದರೆ ಎಲ್ಲಿದೆ ಎಂದು ಮೊದಲು ನೋಡಬೇಕು.

ಸಿಗ್ನಲ್ ಸಿಗುವುದಿಲ್ಲವೇ? ನಮ್ಮ ಸಿಮ್ಮನ್ನು ಪಕ್ಕದ ಮನೆಯವರ ಫೋನಿಗೆ ಹಾಕಿ ನೋಡೋಣ. ಅಲ್ಲಿ ಚೆನ್ನಾಗಿ ಸಿಗ್ನಲ್ ಬಂದರೆ ತಪ್ಪು ಕಂಪನಿಯದಲ್ಲ. ನಮ್ಮ ಫೋನೇ ಕೆಟ್ಟಿದೆ. ಕಂಪನಿ ಬದಲಾಯಿಸಿದರೂ ತೊಂದರೆ ಹೋಗುವುದಿಲ್ಲ.

ಅಲ್ಲಿಯೂ ಬರಲಿಲ್ಲವೇ? ಆಗ 198ಕ್ಕೆ ಕರೆ ಮಾಡಿ ದೂರು ಕೊಡೋಣ. ದೂರು ಕೊಟ್ಟಾಗ ಒಂದು ದೂರಿನ ನಂಬರು ಕೊಡುತ್ತಾರೆ. ಅದನ್ನು ಬರೆದು ಇಟ್ಟುಕೊಳ್ಳೋಣ. ನಮಗೆ ಈಗ ಬರೆಯಲು ಬರುತ್ತದಲ್ಲ! ಆ ದೂರು ಏನಾಯಿತು ಎಂದು ಅದೇ ನಂಬರು ಹೇಳಿ ಮತ್ತೆ ಕೇಳಬಹುದು.

ಖರ್ಚು ಹೆಚ್ಚಾಯಿತೇ? ಕೆಲವು ಸಲ ಬದಲಾಯಿಸಬೇಕಾದದ್ದು ಕಂಪನಿಯನ್ನಲ್ಲ, ಪ್ಯಾಕನ್ನು. ನಮ್ಮಲ್ಲಿ ಹಲವರ ಹತ್ತಿರ ಬಟನ್ ಫೋನು ಇದೆ. ನಮಗೆ ಬೇಕಾದ್ದು ಮಾತು ಮಾತ್ರ. ಆದರೂ ಇಂಟರ್ನೆಟ್ ಸೇರಿಸಿದ ಪ್ಯಾಕಿಗೆ ದುಡ್ಡು ಕೊಡುತ್ತೇವೆ. 2024ರ ಡಿಸೆಂಬರಿನಲ್ಲಿ ಟ್ರಾಯ್ ಒಂದು ಆದೇಶ ಮಾಡಿತು. ಮಾತು ಮತ್ತು ಮೆಸೇಜಿಗೆ ಮಾತ್ರ ಇರುವ ಪ್ಯಾಕನ್ನೂ ಕಂಪನಿಗಳು ಕೊಡಬೇಕು ಎಂದಿತು. ಅಂಗಡಿಯವರು ತಾವಾಗಿ ಅದನ್ನು ಹೇಳದೆ ಇರಬಹುದು. ನಾವೇ ಬಾಯಿಬಿಟ್ಟು ಕೇಳಬೇಕು: ‘ಬರೀ ಮಾತಾಡೋ ಪ್ಯಾಕ್ ಇದೆಯಾ? ಎಷ್ಟು ದಿನಕ್ಕೆ ಎಷ್ಟು ದುಡ್ಡು?’

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ

‘ಆ ಕಂಪನಿ ಬಹಳ ಚೆನ್ನಾಗಿದೆಯಂತೆ’ ಎಂದು ಯಾರೋ ಹೇಳುತ್ತಾರೆ. ಅವರ ಊರಿನಲ್ಲಿ ಚೆನ್ನಾಗಿರಬಹುದು. ನಮ್ಮ ಊರಿನಲ್ಲಿ?

ಸಿಗ್ನಲ್ ಬರುವುದು ಟವರಿನಿಂದ. ಟವರು ದೂರ ಇದ್ದರೆ ಸಿಗ್ನಲ್ ಕಡಿಮೆ. ನಡುವೆ ಗುಡ್ಡ ಬಂದರೆ ಕಡಿಮೆ. ಮನೆಯ ಗೋಡೆ ದಪ್ಪ ಇದ್ದರೂ ಒಳಗೆ ಕಡಿಮೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಮಲೆನಾಡಿನ ಎಷ್ಟೋ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದರು. ಮನೆಯಲ್ಲಿ ಫೋನ್ ಇತ್ತು, ಸಿಗ್ನಲ್ ಇರಲಿಲ್ಲ.

ಆದ್ದರಿಂದ ಜಾಹೀರಾತು ನೋಡಿ ತೀರ್ಮಾನ ಮಾಡಬಾರದು. ಆ ಕಂಪನಿಯ ಸಿಮ್ ಇರುವ ನೆರೆಯವರನ್ನು ಮನೆಗೆ ಕರೆಯೋಣ. ಅವರ ಫೋನಿನಿಂದ ಐದು ಜಾಗದಲ್ಲಿ ಮಾತಾಡಿ ನೋಡೋಣ.

1. ಅಡುಗೆ ಮನೆಯಲ್ಲಿ, ಒಲೆಯ ಮುಂದೆ.
2. ರಾತ್ರಿ ಮಲಗುವ ಜಾಗದಲ್ಲಿ.
3. ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ.
4. ಕೆಲಸ ಮಾಡುವ ಹೊಲದಲ್ಲಿ.
5. ರೇಷನ್ ಅಂಗಡಿಯ ಹತ್ತಿರ.

ಒಂದು ಹಾಳೆಯಲ್ಲಿ ಬರೆಯೋಣ. ಸಿಕ್ಕಿದರೆ ‘ಹೌದು’, ಸಿಗದಿದ್ದರೆ ‘ಇಲ್ಲ’. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡೋಣ.

ಇನ್ನೊಂದು ಮಾತು ಕೇಳಲೇಬೇಕು. ‘ಕರೆಂಟು ಹೋದಾಗ ಸಿಗ್ನಲ್ ಇರ್ತದಾ?’ ಟವರಿಗೂ ಕರೆಂಟು ಬೇಕು. ಬ್ಯಾಟರಿ ಖಾಲಿಯಾದರೆ, ಜನರೇಟರ್ ಓಡದಿದ್ದರೆ, ಟವರು ಮಲಗುತ್ತದೆ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದರೆ 108ಕ್ಕೆ ಕರೆ ಹೋಗಬೇಕು. ಅಂಥ ರಾತ್ರಿಯಲ್ಲಿ ಹತ್ತಿಪ್ಪತ್ತು ರೂಪಾಯಿಯ ಉಳಿತಾಯ ನೆನಪಿಗೆ ಬರುವುದಿಲ್ಲ.

ದಿನದ ಲೆಕ್ಕ ಹಾಕೋಣ

ಪ್ಯಾಕಿನ ಬೆಲೆ ಹೋಲಿಸುವುದು ಹೇಗೆ? ದುಡ್ಡನ್ನು ದಿನದಿಂದ ಭಾಗಿಸಬೇಕು. ಲೆಕ್ಕಕ್ಕಾಗಿ ಎರಡು ಪ್ಯಾಕ್ ಇಟ್ಟುಕೊಳ್ಳೋಣ.

ಮೊದಲ ಪ್ಯಾಕ್: 28 ದಿನಕ್ಕೆ 224 ರೂಪಾಯಿ. 224 ÷ 28 = 8. ದಿನಕ್ಕೆ 8 ರೂಪಾಯಿ.

ಎರಡನೆಯ ಪ್ಯಾಕ್: 84 ದಿನಕ್ಕೆ 588 ರೂಪಾಯಿ. 588 ÷ 84 = 7. ದಿನಕ್ಕೆ 7 ರೂಪಾಯಿ.

ನೋಡಲು 588 ದೊಡ್ಡದು. ಲೆಕ್ಕ ಹಾಕಿದರೆ ಅದೇ ಅಗ್ಗ. ಆದರೆ ಒಂದೇ ಸಲ 588 ರೂಪಾಯಿ ಹೊಂದಿಸಬೇಕು. ಕೂಲಿ ಸಿಗದ ವಾರದಲ್ಲಿ ಅದು ಕಷ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

28 ದಿನ ಎಂದರೆ ತಿಂಗಳಲ್ಲ. ಇದನ್ನು ಗಮನಿಸಿ. ವರ್ಷಕ್ಕೆ 12 ತಿಂಗಳು. ಆದರೆ 28 ದಿನದ ಪ್ಯಾಕನ್ನು ವರ್ಷಕ್ಕೆ 13 ಸಲ ಹಾಕಿಸಬೇಕು. 28 × 13 = 364. ಹದಿಮೂರನೆಯ ಸಲದ 224 ರೂಪಾಯಿ ನಮ್ಮ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. 30 ದಿನದ ಪ್ಯಾಕನ್ನೂ ಇಡಬೇಕು ಎಂದು 2022ರಲ್ಲಿ ಟ್ರಾಯ್ ಕಂಪನಿಗಳಿಗೆ ಹೇಳಿದೆ. ಅದನ್ನೂ ಕೇಳಿ ನೋಡೋಣ.

ನಮ್ಮ ಫೋನಿಗೆ ಆ ಸಿಮ್ಮು ಒಗ್ಗುತ್ತದೆಯೇ?

ಎಲ್ಲ ಬೀಗಕ್ಕೂ ಒಂದೇ ಕೀಲಿ ಆಗುವುದಿಲ್ಲ. ಜಿಯೋ ಕಂಪನಿಯಲ್ಲಿ 4ಜಿ ಮತ್ತು 5ಜಿ ಮಾತ್ರ ಇದೆ. ಹಳೆಯ 2ಜಿ ಬಟನ್ ಫೋನಿನಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ. ಹಾಗೆಯೇ ಜಿಯೋಫೋನ್ ಎಂಬ ಬಟನ್ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ನಡೆಯುವುದಿಲ್ಲ. ಸಿಮ್ ಬದಲಾಯಿಸಲು ಹೋಗಿ ಹೊಸ ಫೋನನ್ನೂ ಕೊಳ್ಳಬೇಕಾದರೆ ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು. ಆದ್ದರಿಂದ ಮೊದಲೇ ಫೋನ್ ತೋರಿಸಿ ಕೇಳೋಣ.

ಸಿಮ್ಮು ಯಾರ ಹೆಸರಿನಲ್ಲಿದೆ?

ಫೋನು ನಮ್ಮ ಸೆರಗಿನ ಗಂಟಿನಲ್ಲಿ ಇರುತ್ತದೆ. ಆದರೆ ಸಿಮ್ಮು ಗಂಡನ ಹೆಸರಿನಲ್ಲೋ, ಮಗನ ಹೆಸರಿನಲ್ಲೋ, ಅಣ್ಣನ ಹೆಸರಿನಲ್ಲೋ ಇರುತ್ತದೆ. ಯಾರ ಹೆಸರಿನಲ್ಲಿದೆಯೋ ಅವರೇ ಆಧಾರ್ ಹಿಡಿದು ಅಂಗಡಿಗೆ ಬರಬೇಕು. ಪೋರ್ಟ್ ಮಾಡಿಸುವಾಗ ಹೆಸರು ಬದಲಾಯಿಸಲು ಆಗುವುದಿಲ್ಲ.

ನಮ್ಮ ಬ್ಯಾಂಕ್ ಖಾತೆ ನಮ್ಮ ಹೆಸರಿನಲ್ಲಿದೆ. ರೇಷನ್ ಕಾರ್ಡಿನ ಯಜಮಾನಿ ನಾವೇ. ಮತ್ತೆ ಓಟಿಪಿ ಬರುವ ನಂಬರು ಯಾಕೆ ಬೇರೆಯವರ ಹೆಸರಿನಲ್ಲಿರಬೇಕು? ಮನೆಯವರು ಒಪ್ಪಿದರೆ ಮೊದಲು ಈಗಿನ ಕಂಪನಿಯಲ್ಲೇ ನಂಬರನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳೋಣ. ಆಮೇಲೆ ಕಂಪನಿ ಬದಲಾಯಿಸುವ ಯೋಚನೆ ಮಾಡೋಣ.

ಅಕ್ಕ ತಂಗಿಯ ಮಾತು

ತಂಗಿ: ಅಕ್ಕಾ, ನಾನು ನಾಳೇನೇ ಸಿಮ್ ಬದಲಾಯಿಸ್ತೀನಿ.

ಅಕ್ಕ: ಯಾಕೇ, ಅಂಥಾ ಅವಸರ ಏನು?

ತಂಗಿ: ಪೇಟೇಲಿ ಕೊಡೆ ಹಾಕ್ಕೊಂಡು ಕೂತಿದಾರೆ. ಸಿಮ್ ಫ್ರೀ ಅಂತೆ.

ಅಕ್ಕ: ಸಿಮ್ ಫ್ರೀ. ಕರೆನ್ಸಿ ಫ್ರೀನಾ? ನಿನ್ನ ಪ್ಯಾಕ್ ಇನ್ನೂ ಎಷ್ಟು ದಿನ ಇದೆ?

ತಂಗಿ: ಮೊನ್ನೆ ತಾನೆ ಹಾಕಿಸ್ದೆ. ಇನ್ನೂ 50 ದಿನ ಇದೆ.

ಅಕ್ಕ: ದಿನಕ್ಕೆ ಎಷ್ಟು ಬೀಳ್ತದೆ?

ತಂಗಿ: ಏಳು ರೂಪಾಯಿ.

ಅಕ್ಕ: ಏಳೈವತ್ತಲೆ 350. ಕಂಪನಿ ಬಿಟ್ಟರೆ ಅಷ್ಟೂ ಹೋಯ್ತು. ಹಳೇ ಕಂಪನಿ ದುಡ್ಡು ಹೊಸ ಕಂಪನಿಗೆ ಬರಲ್ಲ ಕಣೇ.

ತಂಗಿ: ಅಯ್ಯೋ! ಹಂಗಾದ್ರೆ ಏನ್ ಮಾಡ್ಲಿ?

ಅಕ್ಕ: ಪ್ಯಾಕ್ ಮುಗಿಯೋಕೆ ಒಂದು ವಾರ ಇದ್ದಾಗ ಶುರು ಮಾಡು. ಅಷ್ಟರಲ್ಲಿ ಅವರ ಸಿಗ್ನಲ್ ನಿನ್ನ ಮನೇಲಿ ಬರ್ತದೋ ಇಲ್ವೋ ನೋಡು. ಒಂದು ಸಲ ಹೋದ್ರೆ 90 ದಿನ ಮತ್ತೆ ಬದಲಾಯಿಸೋಕೆ ಆಗಲ್ಲ.

ತಂಗಿ: ನೀನೂ ಬದಲಾಯಿಸ್ತೀಯಾ?

ಅಕ್ಕ: ಇಲ್ಲ ಕಣೇ. ನನ್ನ ಹೊಲದಲ್ಲಿ ಇದೊಂದೇ ಸಿಗೋದು. ಸ್ವಲ್ಪ ತುಟ್ಟಿ, ನಿಜ. ಆದ್ರೂ ನನಗೆ ಇದೇ ಸರಿ.

ನೋಡಿದಿರಾ? ಒಂದೇ ಊರಿನ ಇಬ್ಬರಿಗೆ ಎರಡು ಉತ್ತರ ಬಂತು. ಎರಡೂ ಸರಿ. ಯಾಕೆಂದರೆ ಇಬ್ಬರ ಮನೆ ಬೇರೆ, ಹೊಲ ಬೇರೆ, ಅಗತ್ಯ ಬೇರೆ.

ತೀರ್ಮಾನ ಆಯಿತು. ಈಗ ಏನು ಮಾಡಬೇಕು?

1. ಈಗಿನ ಕಂಪನಿಗೆ ಸೇರಿ 90 ದಿನ ಆಗಿರಬೇಕು. ತಿಂಗಳ ಬಿಲ್ಲಿನ ಸಿಮ್ ಆದರೆ ಬಾಕಿ ತೀರಿಸಿರಬೇಕು.

2. ಸಿಮ್ ಕಳೆದೋ ಕೆಟ್ಟೋ ಬೇರೆ ಸಿಮ್ ಪಡೆದಿದ್ದರೆ 7 ದಿನ ಕಾಯಬೇಕು. 2024ರ ಜುಲೈ 1ರಿಂದ ಈ ನಿಯಮ ಬಂದಿದೆ. ಕಳ್ಳರು ನಮ್ಮ ಹೆಸರಿನಲ್ಲಿ ಸಿಮ್ ಪಡೆದು ನಂಬರು ಹಾರಿಸದಿರಲಿ ಎಂದು ಈ ಕಾವಲು.

3. ನಮ್ಮ ಫೋನಿನಿಂದ 1900ಕ್ಕೆ ಒಂದು ಮೆಸೇಜ್ ಕಳಿಸಬೇಕು. ಇಂಗ್ಲಿಷ್ ಅಕ್ಷರದಲ್ಲಿ ‘ಪೋರ್ಟ್’ ಎಂದು ಒತ್ತಬೇಕು. ಪಿ, ಓ, ಆರ್, ಟಿ. ನಾಲ್ಕೇ ಅಕ್ಷರ. ಒಂದು ಜಾಗ ಬಿಟ್ಟು ನಮ್ಮ ಹತ್ತು ಅಂಕಿಯ ನಂಬರು ಒತ್ತಬೇಕು. ಪ್ಯಾಕಿನಲ್ಲಿ ಮೆಸೇಜ್ ಸೌಲಭ್ಯ ಇಲ್ಲದಿದ್ದರೂ ಈ ಮೆಸೇಜನ್ನು ತಡೆಯಬಾರದು ಎಂದು 2021ರಲ್ಲಿ ಟ್ರಾಯ್ ಕಂಪನಿಗಳಿಗೆ ಆದೇಶ ಮಾಡಿದೆ.

4. ಉತ್ತರವಾಗಿ 8 ಅಕ್ಷರ, ಅಂಕಿಗಳ ಒಂದು ಕೋಡು ಬರುತ್ತದೆ. ಕರ್ನಾಟಕದಲ್ಲಿ ಅದು 4 ದಿನ ಮಾತ್ರ ನಡೆಯುತ್ತದೆ.

5. ಆ ಕೋಡು ಮತ್ತು ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಅವರು ಹೊಸ ಸಿಮ್ ಕೊಡುತ್ತಾರೆ. 2019ರಲ್ಲಿ ಟ್ರಾಯ್ ಗೊತ್ತು ಮಾಡಿದ ಪೋರ್ಟಿಂಗ್ ದರ 6 ರೂಪಾಯಿ 46 ಪೈಸೆ. ನೂರಾರು ರೂಪಾಯಿ ಕೇಳಿದರೆ ‘ಇದು ಯಾವುದಕ್ಕೆ?’ ಎಂದು ಕೇಳೋಣ. ಕರೆನ್ಸಿಯ ದುಡ್ಡು ಬೇರೆ, ಪೋರ್ಟಿಂಗ್ ದುಡ್ಡು ಬೇರೆ.

6. ಮನಸ್ಸು ಬದಲಾಯಿತೇ? 24 ಗಂಟೆಯೊಳಗೆ 1900ಕ್ಕೆ ‘ಕ್ಯಾನ್ಸಲ್’ ಎಂದು ಇಂಗ್ಲಿಷಿನಲ್ಲಿ ಒತ್ತಿ, ಜಾಗ ಬಿಟ್ಟು, ನಂಬರು ಹಾಕಿ ಕಳಿಸಬಹುದು.

7. ರಾಜ್ಯದ ಒಳಗೆ ಬದಲಾಗಲು 3 ಕೆಲಸದ ದಿನ ಬೇಕು. ರಜಾ ದಿನ ಇದರಲ್ಲಿ ಸೇರುವುದಿಲ್ಲ. ಅಲ್ಲಿಯವರೆಗೆ ಹಳೆಯ ಸಿಮ್ ಫೋನಿನಲ್ಲೇ ಇರಲಿ. ಅದು ನಿಂತ ಮೇಲೆ ಹೊಸ ಸಿಮ್ ಹಾಕೋಣ. ನಡುವೆ ಕೆಲವು ಗಂಟೆ ಫೋನ್ ಬಂದ್ ಆಗಬಹುದು. ಮನೆಯಲ್ಲಿ ತುಂಬು ಗರ್ಭಿಣಿ ಇದ್ದರೆ, ಆಸ್ಪತ್ರೆಯಲ್ಲಿ ಯಾರಾದರೂ ಇದ್ದರೆ, ಆ ವಾರ ಬೇಡ.

ಮತ್ತೆ ಹೆಬ್ಬೆಟ್ಟು!

ನಾವು ಅಕ್ಷರ ಕಲಿತೆವು. ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಹಾಕಿದೆವು. ಆದರೆ ಸಿಮ್ ಅಂಗಡಿಯಲ್ಲಿ ಯಂತ್ರದ ಮೇಲೆ ಬೆರಳು ಇಡಿ ಎನ್ನುತ್ತಾರೆ. ಓದಿದವರೂ ಇಡಬೇಕು. ಇದರಲ್ಲಿ ನಾಚಿಕೆ ಇಲ್ಲ. ಆದರೆ ಎಚ್ಚರ ಬೇಕು.

ಕೆಲವು ಮೋಸಗಾರರು ‘ಬೆರಳು ಬರಲಿಲ್ಲ, ಇನ್ನೊಮ್ಮೆ ಇಡಿ’ ಎನ್ನುತ್ತಾರೆ. ಎರಡನೆಯ ಬೆರಳಿಗೆ ನಮ್ಮ ಹೆಸರಿನಲ್ಲೇ ಇನ್ನೊಂದು ಸಿಮ್ ತೆಗೆಯುತ್ತಾರೆ. ಅದನ್ನು ಕಳ್ಳರಿಗೆ ಮಾರುತ್ತಾರೆ. ಕಳ್ಳರು ಅದರಿಂದ ಮೋಸ ಮಾಡಿದರೆ ಪೊಲೀಸರು ಬರುವುದು ನಮ್ಮ ಮನೆ ಬಾಗಿಲಿಗೆ.

ಹಾಗೆಂದು ಎಲ್ಲರೂ ಮೋಸಗಾರರಲ್ಲ. ಪಾತ್ರೆ ತಿಕ್ಕಿ, ಕಳೆ ಕಿತ್ತು ನಮ್ಮ ಬೆರಳಿನ ಗೆರೆ ಸವೆದಿರುತ್ತದೆ. ನಿಜವಾಗಿಯೂ ಯಂತ್ರಕ್ಕೆ ತಿಳಿಯದೆ ಇರಬಹುದು. ಆಗ ಏನು ಮಾಡಬೇಕು? ‘ಪರದೆ ಈ ಕಡೆ ತಿರುಗಿಸಪ್ಪ, ಏನು ಬಂದಿದೆ ಓದ್ತೀನಿ’ ಎನ್ನಬೇಕು. ಅಲ್ಲಿ ಇಂಗ್ಲಿಷ್ ಇದ್ದರೆ ಓದಿ ಹೇಳುವಂತೆ ಕೇಳಬೇಕು. ನಮ್ಮ ನಂಬರು ಅಲ್ಲಿ ಇದೆಯೇ ಎಂದು ಅಂಕಿಗಳನ್ನು ನಾವೇ ನೋಡಬೇಕು. ಕೇಳುವ ಗಿರಾಕಿಯ ಹತ್ತಿರ ಮೋಸ ಮಾಡಲು ಹಿಂಜರಿಯುತ್ತಾರೆ.

ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಎಂದು ತಿಳಿಯಬಹುದು. ಅದಕ್ಕೆ ಸರ್ಕಾರದ ‘ಸಂಚಾರ್ ಸಾಥಿ’ ಎಂಬ ಸೌಲಭ್ಯ 2023ರ ಮೇ ತಿಂಗಳಲ್ಲಿ ಬಂದಿದೆ. ಮಗಳ ಟಚ್ ಫೋನಿನಲ್ಲಿ ನೋಡಬಹುದು. ನಮ್ಮದಲ್ಲದ ನಂಬರು ಕಂಡರೆ ‘ಇದು ನನ್ನದಲ್ಲ’ ಎಂದು ಅಲ್ಲೇ ತಿಳಿಸಬಹುದು.

‘ಕಂಪನಿಯಿಂದ ಮಾತಾಡ್ತಿದ್ದೀವಿ, ಕೋಡು ಹೇಳಿ’ ಎಂದು ಫೋನ್ ಬಂದರೆ ಹೇಳಬಾರದು. ಕೋಡು ಹೇಳುವುದು ಎಂದರೆ ಮನೆಯ ಕೀಲಿ ಕೊಟ್ಟ ಹಾಗೆ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ನೆನಪಿಡೋಣ

ನಂಬರು ನಮ್ಮದು. ಕಂಪನಿ ಆರಿಸುವವರು ನಾವು.
ಮೊದಲು ತೊಂದರೆ ತಿಳಿ. ಆಮೇಲೆ ಬದಲಾಯಿಸು.
ಕೇಳಿದ್ದನ್ನು ನಂಬಬೇಡ. ಐದು ಜಾಗದಲ್ಲಿ ನೋಡು.
ಬೆಲೆ ನೋಡಬೇಡ. ದಿನದ ಲೆಕ್ಕ ನೋಡು.
ಬೆರಳು ಇಡುವ ಮುಂಚೆ ಓದು.

ಪದಗಳ ಅರ್ಥ

ಪೋರ್ಟ್ ಮಾಡಿಸುವುದು – ನಂಬರು ಉಳಿಸಿಕೊಂಡು ಕಂಪನಿ ಬದಲಾಯಿಸುವುದು
ಓಟಿಪಿ – ಒಂದೇ ಸಲ ಬಳಸುವ ಗುಟ್ಟಿನ ಅಂಕಿ
ಪ್ಯಾಕ್ – ಇಷ್ಟು ದುಡ್ಡಿಗೆ ಇಷ್ಟು ದಿನ ಎಂಬ ಗೊತ್ತುಪಾಡು
ಬಾಕಿ – ಕೊಡಬೇಕಾಗಿ ಉಳಿದ ದುಡ್ಡು

ಲೆಕ್ಕ ಮಾಡಿ

1. ಒಂದು ಪ್ಯಾಕ್ 30 ದಿನಕ್ಕೆ 270 ರೂಪಾಯಿ. ಇನ್ನೊಂದು 56 ದಿನಕ್ಕೆ 448 ರೂಪಾಯಿ. ದಿನದ ಲೆಕ್ಕದಲ್ಲಿ ಯಾವುದು ಅಗ್ಗ?
2. ದಿನಕ್ಕೆ 8 ರೂಪಾಯಿಯ ಪ್ಯಾಕಿನಲ್ಲಿ 20 ದಿನ ಉಳಿದಿದೆ. ಇವತ್ತೇ ಕಂಪನಿ ಬಿಟ್ಟರೆ ಎಷ್ಟು ನಷ್ಟ?

ಸಂಘದಲ್ಲಿ ಮಾತಾಡೋಣ

1. ನಮ್ಮ ಸಂಘದಲ್ಲಿ ಎಷ್ಟು ಜನರ ಸಿಮ್ ಅವರವರ ಹೆಸರಿನಲ್ಲಿದೆ? ಕೈ ಎತ್ತಿ ಎಣಿಸಿ.
2. ಊರಿನ ಯಾವ ಕೇರಿಯಲ್ಲಿ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆ? ಎಲ್ಲರೂ ಸೇರಿ ಒಂದು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.
3. ಈಗಿನ ಕಂಪನಿಯಲ್ಲೇ ಉಳಿಯುತ್ತೀರಾ, ಬದಲಾಯಿಸುತ್ತೀರಾ? ಯಾಕೆ? ಎರಡು ಸಾಲು ಬರೆದು, ಕೆಳಗೆ ನಿಮ್ಮ ಸಹಿ ಹಾಕಿ.